ಗಾಜಿನ ಕೊಟ್ಟಿಗೆಯ ಹುಲ್ಲು

ಮನೆ ಒಳಗೆ ಹುಲ್ಲು ಬೆಳೆಸಿದ್ದೇನೆ ಅಂದರೆ ಜನ ಮೊದಲು ಕೇಳುವುದು "ಪ್ಲಾಸ್ಟಿಕ್‌ದಲ್ವಾ?" ಅಂತ. ಅಲ್ಲ. ನಿಜವಾದ ಹುಲ್ಲು. ವಾರಕ್ಕೊಮ್ಮೆ ಕತ್ತರಿಸಬೇಕು, ನೀರು ಮರೆತರೆ ಮುಖ ಬಾಡಿಸಿಕೊಳ್ಳುತ್ತೆ, ಕತ್ತರಿಸಿದ್ದನ್ನು ಪಕ್ಕದ ಮನೆಯ ಮೇಕೆ ತಿನ್ನುತ್ತೆ. ಮೂರು ಸಲ ಹಾಕಿದ್ದೇವೆ. ಎರಡು ಸಲ ಸಾಯಿಸಿದ್ದೇವೆ. ಮೂರನೆಯದು ಬದುಕಿ ಈಗ ಎರಡು ವರ್ಷ ಆಗುತ್ತಾ ಬಂತು, ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನಮ್ಮ ಮನೆ ಇರುವುದು ಚಿತ್ರದುರ್ಗದ ಹೊರಗೆ, ಜೋಗಿಮಟ್ಟಿ ಬೆಟ್ಟ ಕಾಣುವ ಕಡೆ. 2021ರಲ್ಲಿ ಕಟ್ಟಿದ್ದು. ಗೋಡೆ ಮಣ್ಣಿನ ಇಟ್ಟಿಗೆಯದು. ಸುಟ್ಟ ಇಟ್ಟಿಗೆಯಲ್ಲ, ಪಾಯ ತೋಡಿದಾಗ ಬಂದ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಕಲಸಿ, ಮೆಷಿನ್ನಿನಲ್ಲಿ ಒತ್ತಿ, ನೆರಳಲ್ಲಿಟ್ಟು ನೀರು ಹಾಕಿ ಗಟ್ಟಿ ಮಾಡಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಈ ಥರದ ಇಟ್ಟಿಗೆ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಇಟ್ಟಿಗೆ ವಿಷಯದಲ್ಲಿ ನಮಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಆಗಿದ್ದೆಲ್ಲ ಮನೆಯ ದಕ್ಷಿಣಕ್ಕೆ ಅಂಟಿಕೊಂಡಿರುವ ಗಾಜಿನ ಕೋಣೆಯಲ್ಲಿ. ಉದ್ದ 20 ಅಡಿ, ಅಗಲ 12 ಅಡಿ. ಹೊರಗಿನ 7 ಅಡಿಗೆ ಮೇಲೆ ಪಾಲಿಕಾರ್ಬೊನೇಟ್ ಶೀಟು, ಒಳಗಿನ 5 ಅಡಿ ಮನೆಯ ಹೆಂಚಿನ ಇಳಿಜಾರಿನ ಕೆಳಗೆ. ಮುಂದೆ ಗಾಜು. ನಾವು ಅದಕ್ಕೆ ಸ್ಟೈಲಾಗಿ 'ಹಸಿರುಮನೆ' ಅಂದೆವು. ನಮ್ಮತ್ತೆ ಬಂದು ನೋಡಿ, ಒಳಗೆ ಹುಲ್ಲು ಹಾಸಿದ್ದನ್ನು ನೋಡಿ, "ಇದೇನವ್ವಾ, ಗಾಜಿನ ಕೊಟ್ಟಿಗೆ ಕಟ್ಟಿಸೀಯಾ, ದನ ಎಲ್ಲಿ?" ಅಂದರು. ಅವತ್ತಿಂದ ಅದರ ಹೆಸರು ಗಾಜಿನ ಕೊಟ್ಟಿಗೆ. ಮಕ್ಕಳೂ ಹಾಗೇ ಕರೆಯುತ್ತಾರೆ.

ಈ ಹುಚ್ಚು ಹತ್ತಿದ್ದು ಮೊಬೈಲಿನಲ್ಲಿ ನೋಡಿದ ವಿಡಿಯೋಗಳಿಂದ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಟಾವೊಸ್ ಅಂತ ಒಂದು ಊರಿದೆ. ಮೈಕೆಲ್ ರೆನಾಲ್ಡ್ಸ್ ಅನ್ನುವ ಆರ್ಕಿಟೆಕ್ಟ್ ಅಲ್ಲಿ 1970ರ ದಶಕದಿಂದ ಹಳೇ ಟೈರುಗಳಿಗೆ ಮಣ್ಣು ತುಂಬಿ ಮನೆ ಕಟ್ಟುತ್ತಾ ಬಂದಿದ್ದಾರೆ, ಅದಕ್ಕೆ ಅರ್ಥ್‌ಶಿಪ್ ಅಂತ ಹೆಸರು. ಮನೆಯ ದಕ್ಷಿಣದ ಉದ್ದಕ್ಕೂ ಗಾಜು, ಗಾಜಿನ ಹಿಂದೆ ಸ್ನಾನದ ನೀರು ಕುಡಿದು ಬೆಳೆಯುವ ಬಾಳೆ, ಟೊಮೆಟೊ, ಹೂವು. ಹೊರಗೆ ಹಿಮ, ಒಳಗೆ ಬಾಳೆಗೊನೆ! ಮನಸ್ಸು ಸೋಲದೆ ಇರುತ್ತಾ? ನಾನು ಮರೆತಿದ್ದು ಒಂದೇ. ಆ ಊರು ಸಮುದ್ರಮಟ್ಟದಿಂದ ಸುಮಾರು 7000 ಅಡಿ ಮೇಲಿದೆ, ಚಳಿಗಾಲದಲ್ಲಿ ನೀರು ಕಲ್ಲಾಗುವಷ್ಟು ಚಳಿ. ಅವರಿಗೆ ಬಿಸಿ ಹಿಡಿದಿಡುವ ಪೆಟ್ಟಿಗೆ ಬೇಕು, ಗಾಜು ಅದಕ್ಕೆ. ನಮ್ಮ ದುರ್ಗದಲ್ಲಿ ಬಿಸಿ ಹಿಡಿದಿಡೋದಕ್ಕೆ ಯಾರಾದರೂ ದುಡ್ಡು ಖರ್ಚು ಮಾಡುತ್ತಾರಾ? ನಾವು ಮಾಡಿದೆವು.

ಸೂರ್ಯನ ಲೆಕ್ಕವೂ ಬೇರೆ. ನಾವಿರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಮಧ್ಯಾಹ್ನದ ಸೂರ್ಯ ನಮ್ಮ ನಡುನೆತ್ತಿಗೆ ಬರುತ್ತಾನೆ. ಈ ಎರಡರ ಮಧ್ಯೆ ಅವನು ನಮಗಿಂತ ಉತ್ತರಕ್ಕಿರುತ್ತಾನೆ. ಅಂದರೆ ಮೇ ತಿಂಗಳಲ್ಲಿ ದಕ್ಷಿಣದ ಗಾಜಿನಿಂದ ಒಂದು ಗೇಣು ನೇರ ಬಿಸಿಲೂ ಒಳಗೆ ಬರುವುದಿಲ್ಲ, ಬರುವುದೆಲ್ಲ ಮೇಲಿನ ಶೀಟಿನಿಂದ. ಡಿಸೆಂಬರ್‌ನಲ್ಲಿ ಗಾಜಿನಿಂದ ಬಿಸಿಲು ಓರೆಯಾಗಿ ಹೆಂಚಿನ ಕೆಳಗಿನವರೆಗೂ ಬಂದು ಮಲಗುತ್ತೆ. ಇದು ಗೊತ್ತಾಗಿದ್ದು ಮನೆ ಕಟ್ಟಿಸಿ, ಹುಲ್ಲು ಸತ್ತು, ಚಾಕ್‌ಪೀಸಿನಲ್ಲಿ ನೆಲದ ಮೇಲೆ ನೆರಳಿನ ಗೆರೆ ಎಳೆಯುತ್ತಾ ಕೂತ ಮೇಲೆ. ಮೊದಲೇ ಗೊತ್ತಿದ್ದರೆ ಮುಂದಿನ ಗಾಜಿನ ಅರ್ಧ ದುಡ್ಡು ಉಳಿಯುತ್ತಿತ್ತು.

ಮೊದಲನೇ ಸಲ ಹುಲ್ಲು ಹಾಕಿದ್ದು 2022ರ ಜೂನ್‌ನಲ್ಲಿ. ದಾವಣಗೆರೆಯಲ್ಲಿ ತಂಗಿ ಇದ್ದಾಳೆ, ಅವಳ ಮನೆಗೆ ಹೋದಾಗ ಬೆಣ್ಣೆ ದೋಸೆ ತಿಂದು ಅಲ್ಲೇ ಒಂದು ನರ್ಸರಿಗೆ ನುಗ್ಗಿದೆವು. "ಮನೆ ಒಳಗೆ ಹಾಕಬೇಕು, ನೆರಳಲ್ಲಿ ಬರುತ್ತಾ?" ಅಂತ ಕೇಳಿದೆ. "ಏನ್ ಮೇಡಂ, ಮೆಕ್ಸಿಕನ್ ಗ್ರಾಸು, ಬೆಡ್‌ರೂಮಲ್ಲಿ ಹಾಕಿ, ಬರುತ್ತೆ" ಅಂದ. ನಂಬಿದೆ. ನಂಬುವ ಮನಸ್ಸು ಮೊದಲೇ ಇತ್ತು ಅನ್ನಿ. ತುಂಡು ತುಂಡಾಗಿ ಕತ್ತರಿಸಿ ಇಟ್ಟಿದ್ದ ಹುಲ್ಲಿನ ಹಾಸನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದೆವು. ತಂಗಿಯ ಸಲಹೆ ಇನ್ನೊಂದು, "ಅಕ್ಕಾ, ನೀರು ಚೆನ್ನಾಗಿ ಕೊಡು, ಹುಲ್ಲು ತಾನಾಗೇ ಬರುತ್ತೆ". ಅವಳು ಭದ್ರಾ ಕಾಲುವೆಯ ಕಡೆ ಮದುವೆಯಾದವಳು. ಸುತ್ತ ಭತ್ತದ ಗದ್ದೆ ನೋಡಿ ನೋಡಿ ನೀರು ಕೊಟ್ಟರೆ ಎಲ್ಲವೂ ಬರುತ್ತೆ ಅನ್ನೋ ನಂಬಿಕೆ.

ಕೆಳಗೆ ಏನು ಹಾಕಬೇಕು ಅನ್ನುವುದಕ್ಕೆ ಊರಿನ ಅರ್ಧ ಜನ ಸಲಹೆ ಕೊಟ್ಟರು. ಎಲ್ಲರದೂ ಒಂದೇ ಮಾತು, ಕೆರೆ ಗೋಡು, ಅಂದರೆ ಕೆರೆಯ ತಳದ ಹೂಳು. ನಮ್ಮ ಕಡೆ ಕೆರೆ ಗೋಡು ಅಂದರೆ ಬಂಗಾರ. ಹೊಲಕ್ಕೆ ಹಾಕಿದರೆ ಮಳೆ ಹಿಂದೆ ಮುಂದೆ ಆದರೂ ಬೆಳೆಗೆ ನಾಲ್ಕು ದಿನ ಜಾಸ್ತಿ ತೇವ ಸಿಗುತ್ತೆ. ಹೊಲಕ್ಕೆ ಸರಿ. ಆದರೆ ಮೂರು ಕಡೆ ಗೋಡೆ, ಕೆಳಗೆ ಕಾಂಕ್ರೀಟು ಇರುವ ತೊಟ್ಟಿಯಲ್ಲಿ ಅದೇ ಗುಣ ಕುತ್ತಿಗೆಗೆ ಬರುತ್ತೆ. ನೀರು ಹಿಡಿದುಕೊಂಡದ್ದು ಬಿಡುವುದೇ ಇಲ್ಲ. ನಾವು ಆರು ಇಂಚು ಗೋಡು ತುಂಬಿದೆವು, ಕೆಳಗೆ ಜಲ್ಲಿ ಇಲ್ಲ, ನೀರು ಹೋಗಲು ಪೈಪ್ ಇಲ್ಲ. ಅದರ ಮೇಲೆ 12 ಅಡಿ ಅಗಲಕ್ಕೂ, ಹೆಂಚಿನ ಕೆಳಗಿನ ಕತ್ತಲೆಗೂ ಸೇರಿಸಿ ಹುಲ್ಲು ಹಾಸಿದೆವು. ಮೊದಲ ತಿಂಗಳು ಏನು ಚೆಂದ ಅಂತೀರಿ. ಬಂದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗಿ ಫೋಟೋ ತೆಗೆಸಿಕೊಂಡರು.

ಆ ವರ್ಷದ ಮಳೆ ನಮ್ಮ ಜಿಲ್ಲೆಯವರಿಗೆ ಮರೆಯುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತು. 1933ರಲ್ಲಿ ಬಿದ್ದಿದ್ದು ಬಿಟ್ಟರೆ ಮತ್ತೆ 89 ವರ್ಷದ ಮೇಲೆ. ಊರಿಗೆ ಊರೇ ಹಿರಿಯೂರು ಕಡೆ ಹೊರಟಿತ್ತು, ನಾವೂ ಹೋದೆವು, ಹಾಗೇ ನೆಂಟರ ಮನೆಯಲ್ಲಿ ಎರಡು ದಿನ ಉಳಿದೆವು. ವಾಪಸ್ ಬಂದು ಗಾಜಿನ ಬಾಗಿಲು ತೆಗೆದರೆ ಚರಂಡಿ ವಾಸನೆ. ಹುಲ್ಲಿನ ಮೇಲೆ ಜೇಡರ ಬಲೆ ಥರ ಬಿಳಿ ಎಳೆ. ಒಂದು ಮೂಲೆ ಹಿಡಿದು ಎಳೆದೆ, ನೆನೆದ ಜಮಖಾನ ಎದ್ದ ಹಾಗೆ ಇಡೀ ಹಾಸು ಕೈಗೆ ಬಂತು. ಬೇರು ಬೆಳ್ಳಗಿರಬೇಕಲ್ವಾ, ಚಹಾ ಸೊಪ್ಪಿನ ಬಣ್ಣಕ್ಕಿತ್ತು. ವಾರಗಟ್ಟಲೆ ಮೋಡ, ಮುಚ್ಚಿದ ಕೋಣೆ, ಒಣಗದ ಗೋಡು, ಅದರ ಮೇಲೆ ತಂಗಿಯ ಮಾತು ಕೇಳಿ ದಿನಾ ಎರಡು ಹೊತ್ತು ನೀರು. ಜಿಲ್ಲೆಗೇ ನೀರಿನ ಹಬ್ಬ, ನಮ್ಮ ಹುಲ್ಲಿಗೆ ಮಾತ್ರ ನೀರಿಂದಲೇ ಸಾವು.

ಕೊಳೆತಿದ್ದು ಮುಂದಿನ ಭಾಗ. ಹೆಂಚಿನ ಕೆಳಗಿನದು ಅದಕ್ಕೂ ಮೊದಲೇ ಬೇರೆ ಕಾಯಿಲೆ ಬಂದು ಕೂತಿತ್ತು. ಎಲೆ ಉದ್ದ ಉದ್ದ, ತೆಳ್ಳಗೆ, ತಿಳಿ ಹಳದಿ. ನವರಾತ್ರಿಯಲ್ಲಿ ಘಟದ ಸುತ್ತ ಕಾಳು ಹಾಕಿ ಕತ್ತಲಲ್ಲಿ ಇಟ್ಟರೆ ಸಸಿ ಬೆಳ್ಳಗೆ ಉದ್ದಕ್ಕೆ ಏಳುತ್ತವಲ್ಲ, ಥೇಟ್ ಹಾಗೇ. ಗಿಡ ಬೆಳಕು ಹುಡುಕಿಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಉದ್ದಕ್ಕೆ ಬೆಳೆಯಲು ಸುರಿಯುತ್ತೆ, ಕೆಳಗೆ ಬೇರಿಗೆ ಏನೂ ಉಳಿಯುವುದಿಲ್ಲ. ಘಟದ ಸಸಿಗೆ ಒಂಬತ್ತು ದಿನ ಸಾಕು. ಲಾನ್‌ಗೆ ಸಾಲುವುದಿಲ್ಲ.

ಆದರೆ ಅಲ್ಲಿ ಕತ್ತಲೆ ಅಂತ ನಮಗೆ ಅನಿಸಿಯೇ ಇರಲಿಲ್ಲ, ನೋಡಿ. ಅಲ್ಲಿ ಕೂತು ಪೇಪರ್ ಓದುತ್ತಿದ್ದೆವು. ಕಣ್ಣು ಮೋಸ ಮಾಡುತ್ತೆ, ಕಡಿಮೆ ಬೆಳಕಿಗೆ ತಾನೇ ಹೊಂದಿಕೊಂಡು ಎಲ್ಲ ಚೆನ್ನಾಗಿದೆ ಅನ್ನುತ್ತೆ. ಕೊನೆಗೆ ಮಗ ಮೊಬೈಲಿಗೆ ಬೆಳಕು ಅಳೆಯುವ ಆ್ಯಪ್ ಹಾಕಿಕೊಟ್ಟ. ಮಧ್ಯಾಹ್ನ 12ಕ್ಕೆ ಅಂಗಳದಲ್ಲಿ ಹಿಡಿದರೆ ಒಂದು ಲಕ್ಷ ಲಕ್ಸ್ ಹತ್ತಿರ. ಶೀಟಿನ ಕೆಳಗೆ 60 ಸಾವಿರದ ಆಸುಪಾಸು. ಹೆಂಚಿನ ಕೆಳಗೆ ಎರಡು ಹೆಜ್ಜೆ ಒಳಗೆ ಬಂದರೆ 8 ಸಾವಿರ, ಹಿಂದಿನ ಗೋಡೆ ಹತ್ತಿರ 2 ಸಾವಿರ. ಎರಡು ಸಾವಿರ! ಅಂಗಳದ ಐವತ್ತರಲ್ಲಿ ಒಂದು ಪಾಲು. ಮೊಬೈಲ್ ಏನು ತಕ್ಕಡಿ ಅಲ್ಲ, ಅಂಕಿ ಹೆಚ್ಚು ಕಡಿಮೆ ಇರುತ್ತೆ, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಅನ್ನುವುದು ಗೊತ್ತಾದರೆ ಸಾಕಲ್ಲ. ಮನೆ ಒಳಗೆ ಹುಲ್ಲು ಹಾಕಬೇಕು ಅನ್ನುವವರು ನರ್ಸರಿಗೆ ಹೋಗುವ ಮುಂಚೆ ಈ ಕೆಲಸ ಮಾಡಿ. ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗಕ್ಕೆ ಲಾನ್ ಹುಲ್ಲು ಕೊಂಡರೆ ಅದು ಹೂವಿನ ಹಾರ ಕೊಂಡ ಹಾಗೆ. ಬಾಡುವವರೆಗೆ ಚೆಂದ.

ಇನ್ನೊಂದು, ದೂಳು. ನಮ್ಮ ಕಡೆ ಗಾಳಿ ಹೇಗೆ ಅಂತ ಗುಡ್ಡದ ಮೇಲಿನ ಗಾಳಿ ಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಒಂದು ತಿಂಗಳು ಶೀಟು ತೊಳೆಯದಿದ್ದರೆ 60 ಸಾವಿರ ಇದ್ದದ್ದು 40ಕ್ಕೆ ಇಳಿದಿರುತ್ತೆ. ಈಗ ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಯವರು ಏಣಿ ಹಾಕಿಕೊಂಡು, ಉದ್ದ ಕೋಲಿಗೆ ಬಟ್ಟೆ ಸುತ್ತಿ ತೊಳೆಯುತ್ತಾರೆ. ಗೊಣಗುತ್ತಾರೆ, ಆದರೂ ತೊಳೆಯುತ್ತಾರೆ.

ಎರಡನೇ ಸಲ 2023ರ ಜನವರಿಯಲ್ಲಿ. ಈ ಸಲ ಬುದ್ಧಿ ಬಂದಿತ್ತು, ಅಥವಾ ಬಂದಿದೆ ಅಂದುಕೊಂಡಿದ್ದೆವು. ಕೆರೆ ಗೋಡನ್ನೆಲ್ಲ ಎತ್ತಿ ಹೊರಗಿನ ನುಗ್ಗೆ ಗಿಡಕ್ಕೆ ಹಾಕಿದೆವು. (ನುಗ್ಗೆ ಆ ವರ್ಷ ಹುಚ್ಚೆದ್ದು ಕಾಯಿ ಬಿಟ್ಟಿತು, ಕೆರೆ ಗೋಡಿನ ತಪ್ಪೇನೂ ಇಲ್ಲ.) ನೆಲಕ್ಕೆ ಒಂದು ಕಡೆ ವಾಟ ಕೊಟ್ಟು, ತೂತು ಕೊರೆದ ಪಿವಿಸಿ ಪೈಪು ಮಲಗಿಸಿ, ಮೂರು ಇಂಚು ಜಲ್ಲಿ, ಅದರ ಮೇಲೆ ಹಳೇ ಗೋಣಿಚೀಲ, ಮೇಲೆ ಆರು ಇಂಚು ಮಣ್ಣು. ಮಣ್ಣು ಅಂದರೆ ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಕುರಿ ಗೊಬ್ಬರ ಒಂದು ಪಾಲು. ಬಕೆಟ್ ನೀರು ಸುರಿದರೆ ಹತ್ತು ನಿಮಿಷದಲ್ಲಿ ಪೈಪಿನ ಬಾಯಲ್ಲಿ ತೊಟ್ಟಿಕ್ಕಬೇಕು, ಅದು ನಮ್ಮ ಪರೀಕ್ಷೆ. ಗೋಡೆಗೂ ಮಣ್ಣಿಗೂ ಮಧ್ಯೆ ಒಂದು ಅಡಿ ಕಡಪ ಕಲ್ಲಿನ ಪಟ್ಟಿ ಬಿಟ್ಟೆವು, ಮಣ್ಣಿನ ಗೋಡೆಯ ಬುಡಕ್ಕೆ ತೇವ ತಾಗಿದರೆ ಗೆದ್ದಲು ದಾರಿ ಮಾಡಿಕೊಳ್ಳುತ್ತೆ. ಬಿಸಿಲಿನ ಕಡೆ ಮತ್ತೆ ಮೆಕ್ಸಿಕನ್, ಹೆಂಚಿನ ಅಂಚಿಗೆ ಎರಡು ಅಡಿ ಬಫೆಲೋ ಗ್ರಾಸ್ ಅಂತ ನರ್ಸರಿಯವರು ಕರೆಯುವ ಅಗಲ ಎಲೆಯ ಹುಲ್ಲು, ಅದು ಅರೆನೆರಳು ತಡೆಯುತ್ತೆ. ಅದರ ಹಿಂದೆ ಮೂರು ಅಡಿ ಹುಲ್ಲಿನ ಆಸೆ ಬಿಟ್ಟು ಕಲ್ಲು ಹಾಸಿದೆವು.

ಏಪ್ರಿಲ್ ಬಂತು. ಮಧ್ಯಾಹ್ನ ಎರಡು ಗಂಟೆಗೆ ಗಾಜಿನ ಕೊಟ್ಟಿಗೆಯ ಥರ್ಮಾಮೀಟರ್ 47 ಡಿಗ್ರಿ ತೋರಿಸಿತು. ಹುಲ್ಲು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು. ಒಳಗಡೆ ಹಸಿರು ನೆಟ್ ಕಟ್ಟಿದೆವು, ಎರಡು ಡಿಗ್ರಿಯೂ ಇಳಿಯಲಿಲ್ಲ. ಯಾಕಿಳಿಯುತ್ತೆ? ಬಿಸಿಲು ಶೀಟು ದಾಟಿ ಒಳಗೆ ಬಂದ ಮೇಲೆ ನೆಟ್ಟಿಗೆ ಬಡಿದರೆ ನೆಟ್ಟೇ ಕಾದು ಆ ಕಾವನ್ನು ಒಳಗೇ ಬಿಡುತ್ತೆ. ಅದೇ ನೆಟ್ಟನ್ನು ಶೀಟಿನ ಹೊರಗೆ, ಒಂದು ಅಡಿ ಮೇಲೆ ಎಳೆದು ಕಟ್ಟಿದಾಗ ಫರಕು ಗೊತ್ತಾಯಿತು. ಆಮೇಲೆ ಶೀಟು ಹೆಂಚಿಗೆ ಸೇರುವ ಅತಿ ಎತ್ತರದ ಕಡೆ ಉದ್ದಕ್ಕೂ ಒಂದು ಅಡಿ ಬಿಚ್ಚಿಸಿ ಸೊಳ್ಳೆ ಜಾಲರಿ ಹಾಕಿಸಿದೆವು, ಕೆಳಗೆ ಗಾಜಿನ ಬುಡದಲ್ಲಿ ನಾಲ್ಕು ಕಿಂಡಿ. ಕಾದ ಗಾಳಿ ಮೇಲಿಂದ ಹೊರಟರೆ ಕೆಳಗಿಂದ ತಾನೇ ಎಳೆದುಕೊಳ್ಳುತ್ತೆ. ನಮ್ಮಜ್ಜಿಯ ಮಾಳಿಗೆ ಮನೆಯಲ್ಲಿ (ಮಣ್ಣಿನ ಚಪ್ಪಟೆ ಚಾವಣಿಯ ಮನೆ) ಒಲೆಯ ನೆತ್ತಿಗೆ ಬೆಳಕಿಂಡಿ ಇತ್ತಲ್ಲ, ಹೊಗೆಯೂ ಶೆಕೆಯೂ ಅಲ್ಲಿಂದಲೇ ಹೋಗುತ್ತಿತ್ತು. ಆರ್ಕಿಟೆಕ್ಟ್ ಡ್ರಾಯಿಂಗ್‌ನಲ್ಲಿ ಅದಿರಲಿಲ್ಲ. ನಾವೂ ಕೇಳಲಿಲ್ಲ.

ಕಿಂಡಿ ಆದ ಮೇಲೆ ಒಂದು ಲಾಭ ಕಂಡಿತು. ನಮ್ಮ ಹುಲ್ಲು ಸುಮಾರು 11 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ಮೂರು ಮಿಲಿಮೀಟರ್ ನೀರು ಆವಿಯಾಗುತ್ತೆ ಅಂತ ಇಟ್ಟುಕೊಂಡರೂ 33 ಲೀಟರ್ ಆಯಿತು. ಒಂದು ಲೀಟರ್ ನೀರು ಆವಿಯಾಗಲು ಒಂದು ಯೂನಿಟ್ ಕರೆಂಟಿನ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಹೀರುತ್ತೆ, ಅಂದರೆ ದಿನಕ್ಕೆ 20 ಯೂನಿಟ್ ಮೇಲೆ. ನಮ್ಮ ಬೇಸಿಗೆಯ ಒಣ ಗಾಳಿಗೆ ಇದು ಚೆನ್ನಾಗಿ ಒಪ್ಪುತ್ತೆ. ಆದರೆ ಆ ಆವಿ ಹೊರಗೆ ಹೋಗಬೇಕು. ಕಿಂಡಿ ಮುಚ್ಚಿದರೆ ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ ಬೆವರು, ಚಳಿಗಾಲದ ಬೆಳಿಗ್ಗೆ ಶೀಟಿನಿಂದ ತಲೆ ಮೇಲೆ ಹನಿ. ಮನೆ ಒಳಗಿನ ಹುಲ್ಲು ಆಕ್ಸಿಜನ್ ಕೊಡುತ್ತೆ, ಗಾಳಿ ಶುದ್ಧ ಮಾಡುತ್ತೆ ಅಂತೆಲ್ಲ ಹೇಳುವವರಿದ್ದಾರೆ. ಇಷ್ಟು ಚಿಕ್ಕ ಜಾಗದ ಹುಲ್ಲಿಂದ ಅದೇನೂ ಲೆಕ್ಕಕ್ಕೆ ಬರುವಷ್ಟಿಲ್ಲ, ಕಿಟಕಿ ತೆಗೆದರೆ ಅದಕ್ಕಿಂತ ಜಾಸ್ತಿ ಬರುತ್ತೆ.

ಅಷ್ಟರಲ್ಲಿ 2023ರ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದ ವರ್ಷ ಅದು. ನಮ್ಮ ಬೋರ್ ಅರ್ಧ ಗಂಟೆ ಓಡಿ ಉಸಿರು ಬಿಡುತ್ತಿತ್ತು. ಕುಡಿಯಲು ನೀರಿಲ್ಲದಾಗ ಹುಲ್ಲಿಗೆ ನೀರು ಹಾಕುವುದು ನಾಚಿಕೆಗೇಡು, ಅದು ನನಗೂ ಗೊತ್ತು. ಹಾಗಾಗಿ ವಾಷಿಂಗ್ ಮೆಷಿನ್ನಿನ ಪೈಪನ್ನೇ ಹುಲ್ಲಿಗೆ ತಿರುಗಿಸಿದೆವು. ನೀರು ವೇಸ್ಟ್ ಆಗಲಿಲ್ಲ, ಹುಲ್ಲೂ ಉಳಿಯಿತು, ಪರಿಸರಸ್ನೇಹಿ ಮನೆ ಅಂದರೆ ಇದೇ ಅಲ್ವಾ ಅಂತ ಬೀಗಿದೆ. ಬಂದವರಿಗೆಲ್ಲ ತೋರಿಸಿದೆ.

ನಾಲ್ಕು ತಿಂಗಳು. ಮೊದಲು ಮೆಕ್ಸಿಕನ್ ಹುಲ್ಲಿನ ತುದಿ ಕಂದು ಆಯಿತು. ಬಿಸಿಲಿಗೆ ಅಂದುಕೊಂಡೆ. ಆಮೇಲೆ ತೇಪೆ ತೇಪೆಯಾಗಿ ಬೋಳಾಯಿತು. ನವೆಂಬರ್ ಹೊತ್ತಿಗೆ ನೀರು ಬಿಟ್ಟರೆ ಕೆಳಗಿಳಿಯುವುದೇ ನಿಂತುಹೋಯಿತು, ಮೇಲೆ ಕನ್ನಡಿಯ ಹಾಗೆ ನಿಲ್ಲುತ್ತಿತ್ತು. ಪೈಪಿನ ಬಾಯಿ ಒಣಗಿತ್ತು. ಪೈಪು ಕಟ್ಟಿರಬೇಕು ಅಂತ ನಮ್ಮ ಮನೆಯವರು ತಂತಿ ಹಾಕಿ ಕೆದಕಿದರು, ಏನೂ ಕಟ್ಟಿರಲಿಲ್ಲ. ಮಣ್ಣು ಒಣಗಿದಾಗ ಮೇಲೆ ಬೆಳ್ಳಗೆ ಪದರ, ಹಪ್ಪಳದ ಹಾಗೆ ಏಳುತ್ತಿತ್ತು, ಚಮಚದಲ್ಲಿ ಎಬ್ಬಿಸಿದರೆ ಕೆಳಗೆ ಮಣ್ಣು ಸಿಮೆಂಟಿನಷ್ಟು ಬಿಗಿ.

ದೀಪಾವಳಿ ಕಳೆದು ಅತ್ತೆ ಊರಿಂದ ಬಂದಿದ್ದರು. ಅವರದು ಚಳ್ಳಕೆರೆ ಕಡೆ ಹಳ್ಳಿ. ಕಡಪ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಆ ಬಿಳಿ ಪದರವನ್ನು ಉಗುರಿನಲ್ಲಿ ಚಿಮುಟಿ, ಬೆರಳಲ್ಲಿ ಉಜ್ಜಿ, ನಾನು "ಅತ್ತೆ, ಬೇಡ" ಅನ್ನುವಷ್ಟರಲ್ಲಿ ನಾಲಿಗೆಗೆ ತಾಗಿಸಿ ಥೂ ಅಂತ ಉಗಿದರು.

"ಕರ್ಲಾಗೈತೆ ಕಣವ್ವಾ ಇದು. ಏನು ಹಾಕ್ತಿದ್ದೆ?"

"ಬಟ್ಟೆ ಒಗೆದ ನೀರು, ಅತ್ತೆ. ಮೆಷಿನ್‌ದು."

ಅವರು ನಗೋದಕ್ಕೆ ಶುರು ಮಾಡಿದರು. ಎಷ್ಟು ನಕ್ಕರು ಅಂದರೆ ಸೆರಗಲ್ಲಿ ಕಣ್ಣೊರೆಸಿಕೊಂಡರು. "ನಮ್ಮ ಕಾಲದಾಗೆ ಸೌಳು ಮಣ್ಣು ತಂದು ಬಟ್ಟೆ ಒಗೀತಿದ್ರು. ನೀನು ಬಟ್ಟೆ ಒಗೆದ ನೀರು ಹಾಕಿ ಸೌಳು ಮಣ್ಣು ಮಾಡೀಯಲ್ಲೇ!"

ಮಾಳಿಗೆ ಮನೆ ನೋಡಿದವರಿಗೆ ಕರಲು ಮಣ್ಣು, ಅಂದರೆ ಉಪ್ಪು, ಸೋಡಾ ತುಂಬಿದ ಈ ಸೌಳು ಮಣ್ಣು ಗೊತ್ತಿರುತ್ತೆ. ಮಳೆಗಾಲಕ್ಕೆ ಮುಂಚೆ ಗಾಡಿಗಟ್ಟಲೆ ತಂದು ಮಾಳಿಗೆಯ ಮೇಲೆ ಹರಡುತ್ತಿದ್ದರು. ನೀರು ಬಿದ್ದ ಕೂಡಲೇ ಅದು ಬಿಗಿದುಕೊಂಡು, ಹನಿಯನ್ನು ಒಳಗೆ ಬಿಡದೆ ಜಾರಿಸುತ್ತೆ. ಜೊತೆಗೆ ಅದರಲ್ಲಿ ಕಳೆ ಹುಟ್ಟೋದು ಕಷ್ಟ. ಅಂದರೆ ಹುಲ್ಲೂ ಬರಬಾರದು, ನೀರೂ ಇಳಿಯಬಾರದು ಅಂತ ನಮ್ಮ ಹಿರಿಯರು ಹುಡುಕಿ ಹುಡುಕಿ ತರುತ್ತಿದ್ದ ಮಣ್ಣನ್ನು ನಾನು ಹುಲ್ಲಿನ ಕೆಳಗೇ ತಯಾರು ಮಾಡಿದ್ದೆ.

ಕಾರಣ ಸರಳ. ಬಟ್ಟೆ ಪುಡಿಗಳಲ್ಲಿ ವಾಷಿಂಗ್ ಸೋಡಾ ಇರುತ್ತೆ, ಅದರಲ್ಲಿ ಸೋಡಿಯಂ. ಸೌಳಿನಲ್ಲಿ ಕೊಳೆ ಬಿಡಿಸುತ್ತಿದ್ದದ್ದೂ ಅದೇ ಜಾತಿಯ ಸೋಡಾ. ಒಳ್ಳೆ ಮಣ್ಣಿನಲ್ಲಿ ಜೇಡಿಯ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗುಳಿಗೆ ಗುಳಿಗೆಯಾಗಿ ನಿಂತಿರುತ್ತವೆ, ನಡುವಿನ ಸಂದಿಯಲ್ಲಿ ನೀರು, ಗಾಳಿ ಓಡಾಡುತ್ತೆ. ಸೋಡಿಯಂ ಜಾಸ್ತಿಯಾದರೆ ಆ ಗುಳಿಗೆ ಒಡೆದು ಪುಡಿಯಾಗಿ ಸಂದಿಗಳನ್ನೆಲ್ಲ ಮೆತ್ತಿಬಿಡುತ್ತೆ. ಅಳತೆ ಮಾಡಿ ಹಾಕಿದ್ದ ಮರಳೂ ಸಹಾಯಕ್ಕೆ ಬರಲಿಲ್ಲ. ಹೊರಗಿನ ತೋಟದಲ್ಲಾದರೆ ಮಳೆ ಬಂದು ಅಷ್ಟಿಷ್ಟು ತೊಳೆದುಕೊಂಡು ಹೋಗುತ್ತೆ. ಸೂರು ಇರುವ ಕಡೆ ಮಳೆ ಎಲ್ಲಿಂದ ಬರಬೇಕು? ಹಾಕಿದ ಉಪ್ಪೆಲ್ಲ ಅಲ್ಲೇ ಉಳಿಯುತ್ತೆ, ನೀರು ಮಾತ್ರ ಆವಿಯಾಗಿ ಹೋಗುತ್ತೆ. ನಮ್ಮ ಬೋರ್ ನೀರೂ ಗಡಸು, ಅದರ ಪಾಲೂ ಸೇರಿತ್ತು. ಗಾಜಿನ ಮನೆಯಲ್ಲಿ ಏನಾದರೂ ಬೆಳೆಯುವವರು ಯೋಚಿಸಬೇಕಾದ್ದು ಇದನ್ನೇ ಅಂತ ನನಗೆ ಈಗ ಅನಿಸುತ್ತೆ. ಎಷ್ಟು ನೀರು ಅನ್ನುವುದಕ್ಕಿಂತ ಆ ನೀರು ಹೋಗುವಾಗ ಏನು ಬಿಟ್ಟು ಹೋಯಿತು ಅಂತ.

ಮದ್ದು ಜಿಪ್ಸಮ್. ಕರಲು ಹೊಲಗಳಿಗೆ ರೈತರು ಹಾಕುವುದೂ ಅದನ್ನೇ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ, ದುಬಾರಿಯೇನಲ್ಲ. ಚದರ ಮೀಟರಿಗೆ ಒಂದು ಕೆಜಿ ಲೆಕ್ಕದಲ್ಲಿ ಹನ್ನೊಂದು ಕೆಜಿ ತಂದು, ಮಣ್ಣನ್ನು ಗುದ್ದಲಿಯಲ್ಲಿ ಒಡೆದು ಬೆರೆಸಿದೆವು. ಜಿಪ್ಸಮ್‌ನಲ್ಲಿರುವ ಕ್ಯಾಲ್ಸಿಯಂ ಜೇಡಿಗೆ ಅಂಟಿರುವ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತೆ, ಎದ್ದ ಸೋಡಿಯಂ ನೀರಿನ ಜೊತೆ ಕೆಳಗಿಳಿದು ಹೋಗಬೇಕು. ಹೋಗಲು ದಾರಿ ಇದ್ದರೆ ಮಾತ್ರ. ಜಲ್ಲಿ, ಪೈಪು ಹಾಕಿದ್ದು ಆಗ ಕೈಹಿಡಿಯಿತು. ತೊಳೆಯಲು ಒಳ್ಳೆ ನೀರು ಬೇಕಿತ್ತು, ಇರಲಿಲ್ಲ. ಆರು ತಿಂಗಳು ಗಾಜಿನ ಕೊಟ್ಟಿಗೆ ಹಾಗೇ ಬಿದ್ದಿತ್ತು. 2024ರ ಮೇನಲ್ಲಿ ಮಳೆ ಬಿದ್ದ ಮೇಲೆ ಚಾವಣಿ ನೀರು ಸಂಪಿಗೆ ತುಂಬಿಕೊಂಡಿತು. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಮೇಲೆ. ಆ ನೀರನ್ನು ಬಿಟ್ಟು ಬಿಟ್ಟು ಮಣ್ಣು ತೊಳೆದೆವು. ಪೈಪಿನ ಬಾಯಲ್ಲಿ ಮತ್ತೆ ತೊಟ್ಟಿಕ್ಕಿದ ದಿನ ನಮ್ಮ ಮನೆಯವರು ಬಕೆಟ್ ಇಟ್ಟು ಹಿಡಿದು ನನ್ನನ್ನು ಕೂಗಿ ತೋರಿಸಿದರು, ಬೋರಿನಲ್ಲಿ ನೀರು ಬಿದ್ದಷ್ಟೇ ಖುಷಿ.

ಇಷ್ಟರ ಮಧ್ಯೆ ಒಂದು ತಮಾಷೆ ನಡೆದಿತ್ತು. ಕುರಿ ಗೊಬ್ಬರದ ಜೊತೆಗೋ, ಕೆಂಪು ಮಣ್ಣಿನ ಜೊತೆಗೋ ಗರಿಕೆ ಒಳಗೆ ಬಂದಿತ್ತು. 2023ರ ಉದ್ದಕ್ಕೂ ನಾನು ಅದನ್ನು ಕಿತ್ತು ಕಿತ್ತು ಬಿಸಾಡುತ್ತಿದ್ದೆ, ದುಡ್ಡು ಕೊಟ್ಟು ತಂದ ಹುಲ್ಲಿನ ಮಧ್ಯೆ ಇದೇನು ಕಳೆ ಅಂತ. ಕರಲಾಗಿ ಎಲ್ಲ ಸತ್ತಾಗ ಗಾಜಿನ ಹತ್ತಿರ ಹಸಿರಾಗಿ ಉಳಿದಿದ್ದು ಅದೊಂದೇ. ಉಪ್ಪು, ಸೌಳು ಎರಡನ್ನೂ ಗರಿಕೆ ಚೆನ್ನಾಗಿ ತಡೆದುಕೊಳ್ಳುತ್ತೆ, ನೆಲದ ಮೇಲೂ ನೆಲದ ಒಳಗೂ ಗಂಟು ಗಂಟಾಗಿ ಹರಿದು ಹೋಗುತ್ತೆ. ಆಮೇಲೆ ನೋಡಿದರೆ, ಕ್ರಿಕೆಟ್ ಮೈದಾನಗಳಿಗೆ ಹಾಕುವ ಬರ್ಮುಡಾ ಗ್ರಾಸ್ ಅಂದರೆ ಇದೇ ಕುಲದ ಹುಲ್ಲು. ಗಣಪತಿಗೆ ಬೇಕಾದಾಗ ಬೇಲಿ ಸಾಲಲ್ಲಿ ಹುಡುಕಿಕೊಂಡು ಹೋಗುತ್ತೇವೆ, ತಾನಾಗಿ ಮನೆಗೆ ಬಂದರೆ ಕಿತ್ತು ಹಾಕುತ್ತೇವೆ. ಒಂದೇ ಷರತ್ತು, ಅದಕ್ಕೆ ನೆರಳು ಆಗದು. ಪೂರ್ತಿ ಬಿಸಿಲು ಬೇಕು.

ಹಾಗಾಗಿ ಮೂರನೇ ಸಲ ನಾವು ನರ್ಸರಿಗೆ ಹೋಗಲಿಲ್ಲ. ಉಳಿದಿದ್ದ ಗರಿಕೆಯನ್ನೇ ಗೇಣುದ್ದ ಗೇಣುದ್ದ ಕತ್ತರಿಸಿ, ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಒಂದು ಗೇಣಿಗೊಂದರಂತೆ ಊರಿದೆವು. ಅತ್ತೆ ಒಂದು ಸಾಲು, ನಾನು ಒಂದು ಸಾಲು. ಎರಡೂವರೆ ತಿಂಗಳಲ್ಲಿ ನೆಲ ಮುಚ್ಚಿತು. ಹೆಂಚಿನ ಅಂಚಿಗೆ ಮತ್ತೆ ಬಫೆಲೋ ಹುಲ್ಲು. ಅದನ್ನು ಎರಡೂವರೆ ಇಂಚಿಗಿಂತ ಗಿಡ್ಡ ಕತ್ತರಿಸುವುದಿಲ್ಲ, ನೆರಳಲ್ಲಿ ಎಲೆಯಿದ್ದಷ್ಟೂ ಅದಕ್ಕೆ ಊಟ. ನಮ್ಮದು ಮಖಮಲ್ ಥರ ಇಲ್ಲ, ಹೇಳಿಬಿಡುತ್ತೇನೆ. ಗರಿಕೆ ಸ್ವಲ್ಪ ಒರಟು, ಚಳಿಗಾಲದಲ್ಲಿ ಬಣ್ಣ ಮಾಸುತ್ತೆ, ಎರಡು ಹುಲ್ಲು ಸೇರುವ ಗೆರೆ ಎದ್ದು ಕಾಣುತ್ತೆ. ಫೋಟೋಗೆ ಮೊದಲನೆಯದೇ ಚೆನ್ನಾಗಿತ್ತು.

ನೀರಿಗೆ ಈಗ ಸ್ನಾನದ ನೀರು ಮಾತ್ರ. ಮೂರು ಸಣ್ಣ ತೊಟ್ಟಿ ಮೆಟ್ಟಿಲ ಹಾಗೆ ಕಟ್ಟಿಸಿದ್ದೇವೆ, ಕೋಟೆಯ ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಇಳಿಯುತ್ತಲ್ಲ, ಆ ಥರ. ಮೊದಲನೆಯದರಲ್ಲಿ ಜಲ್ಲಿ, ಎರಡನೆಯದರಲ್ಲಿ ಮರಳು ಮತ್ತು ಕ್ಯಾನಾ ಗಿಡ, ಮೂರನೆಯದು ಖಾಲಿ. ಅಲ್ಲಿಗೆ ಬಂದ ನೀರನ್ನು ಅವತ್ತೇ ಹಾಕಿಬಿಡಬೇಕು, ಮರುದಿನಕ್ಕೆ ಇಟ್ಟರೆ ನಾರುತ್ತೆ. ಅಡುಗೆಮನೆ ನೀರಿನಲ್ಲಿ ಎಣ್ಣೆ, ಉಪ್ಪು ಇರುತ್ತೆ, ಅದು ಹೊರಗೆ ಬಾಳೆಗೆ. ಬಟ್ಟೆ ನೀರು ಸೀದಾ ಇಂಗುಗುಂಡಿಗೆ. ಅತ್ತೆ ಅಂಟುವಾಳ ಹಾಕಿ ಕೈಯಲ್ಲಿ ಒಗೆದ ಅವರ ಸೀರೆಗಳ ನೀರಿಗೆ ಮಾತ್ರ ಒಳಗೆ ಪ್ರವೇಶ ಇದೆ, ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇದೆ. ಮಳೆಗಾಲದಲ್ಲಿ ಒಂದು ದಿನ ಬೇಕಂತಲೇ ಸಂಪಿನ ಮಳೆ ನೀರು ಧಾರಾಳ ಬಿಟ್ಟು ಮಣ್ಣು ತೊಳೆಯುತ್ತೇವೆ. ವರ್ಷಕ್ಕೆರಡು ಸಲ ಬೇವಿನ ಹಿಂಡಿ. ಆದರೂ ಹೋದ ತಿಂಗಳು ಬಾಗಿಲ ಚೌಕಟ್ಟಿನ ಬುಡದಲ್ಲಿ ಗೆದ್ದಲಿನ ಗೆರೆ ಕಂಡಿತು, ಕೆರೆದು ಸೀಮೆಎಣ್ಣೆ ಒರೆಸಿದ್ದೇವೆ, ಕಾದು ನೋಡಬೇಕು. ಮಣ್ಣಿನ ಮನೆ ಒಳಗೆ ತೇವ ಇಟ್ಟುಕೊಂಡವರಿಗೆ ಈ ಚಿಂತೆ ಹೋಗುವುದಿಲ್ಲ.

ಹಿಂದಿನ ಕಲ್ಲು ಹಾಸಿನ ಕತ್ತಲೆ ಮೂಲೆಗೆ ಅತ್ತೆ ಊರಿಂದ ಅವರ ಬೀಸುವ ಕಲ್ಲು ತರಿಸಿ ಇಟ್ಟಿದ್ದಾರೆ. ಬೀಸುವುದಿಲ್ಲ, ಅದರ ಮೇಲೆ ಎಲೆ ಅಡಿಕೆ ತಟ್ಟೆ ಇರುತ್ತೆ. ಭಾನುವಾರ ಸಂಜೆ ಅವರು ಕುಡುಗೋಲು ಹಿಡಿದು ಒಂದು ಕಡೆಯಿಂದ ಕೂತು ಸರಿಯುತ್ತಾ ಕತ್ತರಿಸುತ್ತಾರೆ. ಮೆಷಿನ್ ತಂದುಕೊಡ್ತೀನಿ ಅಂದಿದ್ದಕ್ಕೆ "ಇಷ್ಟಗಲ ಕೊಟ್ಟಿಗೆಗೆ ಮೆಷಿನ್ನಾ?" ಅಂದರು. ಕತ್ತರಿಸಿದ್ದು ಒಂದು ಪುಟ್ಟಿ ತುಂಬ ಬರುತ್ತೆ, ಪಕ್ಕದ ಮನೆಯ ಮೇಕೆಗೆ. ಈ ವಾರ ಅವರು ಮದುವೆಗೆ ಅಂತ ಊರಿಗೆ ಹೋಗಿದ್ದಾರೆ, ಕತ್ತರಿಸುವ ಪಾಳಿ ನನ್ನದು. ಆಷಾಢದ ಗಾಳಿ ಏಳುವ ಮುಂಚೆ ಮೇಲಿನ ನೆಟ್ಟಿನ ಹಗ್ಗಗಳನ್ನೂ ಬಿಗಿ ಮಾಡಬೇಕು, ಹೋದ ವರ್ಷ ಅದು ಹರಿದು ಪಕ್ಕದವರ ಟೊಮೆಟೊ ಹೊಲದಲ್ಲಿ ಸಿಕ್ಕಿತ್ತು. ಮೇಕೆ ಆಗಲೇ ಗೇಟಿನ ಹತ್ತಿರ ಬಂದು ಅರಚುತ್ತಿದೆ, ಏಳುತ್ತೇನೆ.